ನೀಲಗಂಗವ್ವ ಹೊರಟ ದಿನ

"ಇನ್ನ ಹೊರಟ್ವಿ ನೋಡವಾ" ಎಂದು ನೀಲಗಂಗವ್ವ ಮೊದಲ ಸಲ ಅಂದಾಗ ಅಡರಕಟ್ಟಿಯ ಆ ಮನೆಯ ಅಂಗಳದಲ್ಲಿ ಎಳೆಬಿಸಿಲಿತ್ತು. ಆಮೇಲೆ ಬಿಸಿಲು ಅಂಗಳ ದಾಟಿ, ಕಟ್ಟೆ ಏರಿ, ನೆತ್ತಿಗೆ ಬಂದು, ಈಗ ಬೇವಿನ ಮರದ ಆಚೆಗೆ ಜಾರಿತ್ತು. ಸಾಮಾನು ತುಂಬಿದ ಟೆಂಪೊ ಮಾತ್ರ ನಿಂತಲ್ಲೇ ನಿಂತಿತ್ತು. ನೀಲಗಂಗವ್ವ ಅದನ್ನು ಹತ್ತುವುದು, ಏನೋ ನೆನಪಾಗಿ ಇಳಿಯುವುದು, ಒಳಗೆ ಹೋಗಿ ಅರ್ಧ ತಾಸು ಕಳೆದು ಹೊರಗೆ ಬರುವುದು, ಮತ್ತೆ ಹತ್ತುವುದು. ಬೆಳಗಿನಿಂದ ಇದೇ ನಡೆದಿತ್ತು.

ಗುರುಸಿದ್ದವ್ವನಿಗೆ ಸಾಕುಸಾಕಾಗಿ ಹೋಗಿತ್ತು. ಮೊದಲ ಸಲ ಅವಳು ಖರೇನೇ ಅತ್ತಿದ್ದಳು. ಎರಡನೆಯ ಸಲ ಕಣ್ಣೊರೆಸಿಕೊಂಡಂತೆ ಮಾಡಿದ್ದಳು. ಆಮೇಲಿನದಕ್ಕೆಲ್ಲ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಬಾಗಿಲಲ್ಲಿ ನಿಂತು, "ಈಗೇನಕ್ಕಾ?" ಎಂದು ಕೇಳುವುದೊಂದೇ ಉಳಿದಿತ್ತು.

"ಬೆಲ್ಲದ ಡಬ್ಬಿ ಮುಚ್ಚಳಾ ಸಡಲ ಐತವಾ. ಬಿಗಿ ಮುಚ್ಚು, ಇರುವಿ ಹತ್ತತಾವ."

"ಮುಚ್ಚೀನಿ."

"ಎಲ್ಲೆ, ನೋಡೂಣು ತಡಿ" ಎಂದು ನೀಲಗಂಗವ್ವ ಮತ್ತೆ ಇಳಿದು ಒಳಗೆ ಹೋಗಿಯೇಬಿಟ್ಟಳು.

ಟೆಂಪೊ ಓಡಿಸಲು ಕೂತಿದ್ದ ಅವಳ ಮಗ ಸಿದ್ದಲಿಂಗೇಶ ಹಾರ್ನ್ ಒತ್ತಿ ಒತ್ತಿ ಬೇಸತ್ತು, ಸ್ಟೇರಿಂಗಿನ ಮೇಲೆ ತಲೆಯಿಟ್ಟು ನಿದ್ದೆ ಹೋಗಿದ್ದ. ಪಕ್ಕದಲ್ಲಿ ಅವಳ ಗಂಡ ನಿಜಲಿಂಗಪ್ಪ ಟೊಪ್ಪಿಗೆಯನ್ನು ತೊಡೆಯ ಮೇಲಿಟ್ಟುಕೊಂಡು, ಇದು ತನಗೆ ಸಂಬಂಧಿಸಿದ್ದೇ ಅಲ್ಲವೆಂಬಂತೆ ಎದುರಿನ ಗೋಡೆ ನೋಡುತ್ತ ಕೂತಿದ್ದ. ಮೂವತ್ತು ವರ್ಷ ಅವಳ ಜೊತೆ ಬಾಳಿದವನಿಗೆ ಕಾಯುವುದು ಹೇಗೆಂದು ಗೊತ್ತಿತ್ತು.

ನೀಲಗಂಗವ್ವ, ಗುರುಸಿದ್ದವ್ವ ಇಬ್ಬರೂ ಆ ಮನೆಯ ಸೊಸೆಯರು. ನೀಲಗಂಗವ್ವ ಹಿರಿಯ ಮಗನ ಹೆಂಡತಿ, ಗುರುಸಿದ್ದವ್ವ ಕಿರಿಯ ಮಗ ಮೌನೇಶನ ಹೆಂಡತಿ. ಗುರುಸಿದ್ದವ್ವ ಹತ್ತೊಂಬತ್ತರ ಹುಡುಗಿಯಾಗಿ ಹೊಳೆದಂಡೆಯ ಕೊರ್ಲಹಳ್ಳಿಯಿಂದ ಬಂದು ಈ ಮನೆಯ ಹೊಸ್ತಿಲು ದಾಟಿದಾಗ ಒಲೆಯ ಮುಂದೆ ನೀಲಗಂಗವ್ವ ಕೂತಿದ್ದಳು. ಆವತ್ತಿನಿಂದ ಇವತ್ತಿನವರೆಗೆ ಎದ್ದೇ ಇರಲಿಲ್ಲ ಎನ್ನಬೇಕು. ಒಗ್ಗರಣೆ ಹಾಕುವವಳು ಅವಳು, ಮೆಣಸಿನಕಾಯಿ ದಲ್ಲಾಳಿಯ ಜೊತೆ ವಾದ ಮಾಡುವವಳು ಅವಳು, ಕರೆಂಟಿನ ಲೈನ್‌ಮನ್‌ನನ್ನು ಬೈದು ಕಂಬ ಹತ್ತಿಸುವವಳು ಅವಳು. ಕೆಟ್ಟವಳೇನಲ್ಲ. ಬಾಣಂತನದಲ್ಲಿ ಗುರುಸಿದ್ದವ್ವನಿಗೆ ತಾಯಿಗಿಂತ ಹೆಚ್ಚು ಮಾಡಿದ್ದಳು. ಆದರೆ ಗುರುಸಿದ್ದವ್ವ ಏನಕ್ಕಾದರೂ ಕೈ ಹಾಕಿದರೆ ಸಾಕು, "ಸರಿ ಅತ್ಲಾಗ, ನಿನ್ನ ಕೈಲೆ ಆಗೂದಿಲ್ಲ" ಎಂದು ಮೊಣಕೈಯಿಂದ ಸರಿಸಿ ತಾನೇ ಮಾಡಿಬಿಡುವಳು. ಹೀಗೆ ಆಗೂದಿಲ್ಲ, ಆಗೂದಿಲ್ಲ ಎಂದು ವರ್ಷಗಟ್ಟಲೆ ಅನ್ನಿಸಿಕೊಂಡು, ಕಡೆಗೆ ಗುರುಸಿದ್ದವ್ವನಿಗೆ ಎಷ್ಟೋ ಕೆಲಸಗಳು ಖರೆಯಾಗಿಯೂ ಆಗದಂತಾಗಿದ್ದವು. ಅವಳ ಸಿಟ್ಟೆಲ್ಲ ಅದರ ಮೇಲೆಯೇ.

ಈಗ ಹಿರಿಯವಳು ಹೊರಟಿದ್ದಳು. ಸಿದ್ದಲಿಂಗೇಶ ಬೆಟಗೇರಿಯಲ್ಲಿ ಎಣ್ಣೆಯ ಗಾಣ ಹಾಕಿದ್ದ. ಅವನ ಹೆಂಡತಿ ಸುಶ್ಮಿತಾ ಬಸುರಿ. ಅವಳಿಗೆ ತಾಯಿಯಿಲ್ಲ. ಗಾಣದ ಅಂಗಡಿಯಲ್ಲಿ ಕೂರಲು ಅವನಿಗೆ ತಂದೆ ಬೇಕು, ಮನೆಯಲ್ಲಿ ತಾಯಿ ಬೇಕು. ಜಗಳವಿಲ್ಲ, ಮನಸ್ತಾಪವಿಲ್ಲ. ಎಲ್ಲರೂ ಕೂತು ಮಾತಾಡಿ ಒಪ್ಪಿದ್ದು. ಆ ಸುದ್ದಿ ಕೇಳಿದ ದಿನ ಗುರುಸಿದ್ದವ್ವ ಹಿತ್ತಲಿಗೆ ಹೋಗಿ ಒಬ್ಬಳೇ ನಕ್ಕಿದ್ದಳು. ಇನ್ನು ಒಲೆ ತನ್ನದು! ಸಾರಿಗೆ ಹುಳಿ ಎಷ್ಟೆಂದು ತಾನೇ ನಿರ್ಧರಿಸಬಹುದು. ಆದರೆ ದಿನ ಹತ್ತಿರ ಬಂದಂತೆ ಅವಳಿಗೆ ಒಂದು ಹೆದರಿಕೆ ಹತ್ತಿಕೊಂಡಿತು. ಆ ಹೆದರಿಕೆಯ ಹೆಸರು ಚಂದ್ರಿ.

ಚಂದ್ರಿ ಅಂದರೆ ಮನೆಯ ಎಮ್ಮೆ. ಹಣೆಯ ಮೇಲೆ ಬಿಳಿಯ ಚುಕ್ಕೆ, ನೋಡಲು ಲಕ್ಷಣವಾಗಿತ್ತು. ನೀಲಗಂಗವ್ವನ ಕೈಗೆ ಬಿಟ್ಟರೆ ಯಾರ ಕೈಗೂ ಹಾಲು ಕೊಡುತ್ತಿರಲಿಲ್ಲ. ಮೌನೇಶ ಒಮ್ಮೆ ಕೂತು, ಎದೆಗೆ ಒದೆಸಿಕೊಂಡು, ಲಕ್ಷ್ಮೇಶ್ವರದ ದವಾಖಾನೆಗೆ ಹೋಗಿ ಬಂದಿದ್ದ. ಗುರುಸಿದ್ದವ್ವ ಮದುವೆಯಾದ ಹೊಸತರಲ್ಲಿ ಅದರ ಅಜ್ಜಿಯಂಥ ಇನ್ನೊಂದು ಎಮ್ಮೆಯಿಂದ ಮೊಣಕಾಲಿಗೆ ಪೆಟ್ಟು ತಿಂದವಳು. ಹಾಲು ಹಿಂಡಲು ಕೂರಬೇಕೆಂದರೇ ಅವಳ ಕಾಲು ಹಿಂದೆ ಸರಿಯುತ್ತಿತ್ತು.

"ಕಲಸ್ತೀನಿ ಬಾ" ಎಂದು ನೀಲಗಂಗವ್ವ ತಿಂಗಳಿನಿಂದ ಹೇಳಿದ್ದೇ ಹೇಳಿದ್ದು. ಕಲಿಸಿದ್ದು ಮಾತ್ರ ಇಲ್ಲ. ಗುರುಸಿದ್ದವ್ವ ಧೈರ್ಯ ಕೂಡಿಸಿಕೊಂಡು ಕುಕ್ಕರುಗಾಲಲ್ಲಿ ಕೂತು ಮೊಲೆಗೆ ಕೈ ಹಾಕುವುದೇ ತಡ, ಹಿಂದಿನಿಂದ ಶುರುವಾಗುತ್ತಿತ್ತು. "ಹಂಗಲ್ಲ. ಹೆಬ್ಬೆಟ್ಟು ಒಳಗ ಮಡಚು. ಜಗ್ಗಬ್ಯಾಡ. ಏ, ಅದಕ್ಕ ನೋವಾಗತೈತಿ. ಸರಿ, ಸರಿ ಅತ್ಲಾಗ." ಮುಗಿಯಿತು ಪಾಠ. ಚರಿಗೆ ತುಂಬ ನೊರೆಹಾಲು ಹಿಡಿದು ನೀಲಗಂಗವ್ವ ಎದ್ದು ಹೋಗುವಳು. ಗುರುಸಿದ್ದವ್ವ ಸಗಣಿ ಬಾಚುವಳು.

ಇವತ್ತು ಬೆಳಿಗ್ಗೆಯಂತೂ ಮಿತಿ ಮೀರಿತ್ತು. ರೊಟ್ಟಿಯ ಹಂಚನ್ನು ನೀಲಗಂಗವ್ವ ಮೊದಲು ಟೆಂಪೊಗೆ ಏರಿಸಿದಳು. ಆಮೇಲೆ, "ಅಲ್ಲೆ ಗ್ಯಾಸಿನ ಮ್ಯಾಲ ಇದು ನಡಿಯೂದಿಲ್ಲಂತ, ನೀನ ಇಟ್ಕೋ" ಎಂದು ಇಳಿಸಿದಳು. ಗುರುಸಿದ್ದವ್ವ ಅದನ್ನು ಒಲೆಯ ಪಕ್ಕಕ್ಕೆ ಒರಗಿಸಿ ತನ್ನದೆಂದುಕೊಂಡು ಎರಡು ಸಲ ಸವರುವಷ್ಟರಲ್ಲಿ, "ಇರಲಿ ತಾ, ಬಯಲಾಗ ಒಲಿ ಹೂಡಿಕೊಂಡ್ರಾತು" ಎಂದು ಮತ್ತೆ ಏರಿಸಿದಳು. ಆಮೇಲೆ ರಾಹುಕಾಲ ಬಂತು. ರಾಹುಕಾಲ ಮುಗಿದರೆ ಊಟದ ಹೊತ್ತಾಯಿತು. ಊಟ ಮಾಡಿಯೇ ಹೋಗಿರೆಂದು ಗುರುಸಿದ್ದವ್ವ ಅನ್ನ ಮಾಡಿದರೆ, ನೀಲಗಂಗವ್ವ ಅಡುಗೆಮನೆಗೆ ಬಂದು ನಿಂತು, "ಒಗ್ಗರಣಿ ಹೊತ್ತತೈತಿ" ಎಂದಳು. ಹೊತ್ತಿರಲಿಲ್ಲ.

ಇನ್ನು ಅತ್ತೆ ಅಮೃತವ್ವನದು ಬೇರೆಯೇ ಕಥೆ. ಎಂಬತ್ತರ ಹತ್ತಿರದ ಮುದುಕಿ ಬೆಳಗಿನಿಂದ ಪಡಸಾಲೆಯ ಹೊರಸಿನ ಮೇಲೆ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಉಂಡಿರಲಿಲ್ಲ. ಹೊರಡುವ ಸೊಸೆ ಕಾಲು ಮುಟ್ಟಲು ಬಂದಾಗಲೆಲ್ಲ ಕಾಲನ್ನು ದುಪ್ಪಟಿಯೊಳಗೆ ಎಳೆದುಕೊಂಡು, ಕಣ್ಣು ಮುಚ್ಚಿಯೇ, "ನನಗ ನಿದ್ದಿ ಹತ್ತೈತಿ" ಅನ್ನುವಳು. ನಿದ್ದೆ ಹತ್ತಿದವರು ಎಲ್ಲಿಯಾದರೂ ಹಾಗೆ ಹೇಳುತ್ತಾರೆಯೇ? ಅತ್ತೆಯ ಆಶೀರ್ವಾದವಿಲ್ಲದೆ ಹೋಗುವುದು ಹೇಗೆಂದು ನೀಲಗಂಗವ್ವನಿಗೆ ಇನ್ನೊಂದು ನೆವ ಸಿಕ್ಕಿತ್ತು. ಇಬ್ಬರ ನಡುವೆ ಓಡಾಡಿ ಗುರುಸಿದ್ದವ್ವನ ಕಾಲು ಬಿದ್ದು ಹೋಗಿದ್ದವು.

ಆ ಹೊತ್ತಿಗೆ ಅಂಗಳದಲ್ಲಿ ಇನ್ನೊಂದು ಗಾಡಿ ಬಂದು ನಿಂತಿತು. ಹಿಂದೆ ಹಲಗೆ ಕಟ್ಟಿದ, ದನ ಸಾಗಿಸುವ ಗಾಡಿ. ಅದರಿಂದ ಇಳಿದವನು ಶಿರಹಟ್ಟಿಯ ಮೈಲಾರಲಿಂಗಪ್ಪ, ನೀಲಗಂಗವ್ವನ ಸೋದರಮಾವನ ಮಗ. ಕೈಯಲ್ಲಿ ಹೊಸ ಹಗ್ಗವಿತ್ತು.

"ಎಲ್ಲೈತ್ರಿ ಎಮ್ಮಿ?" ಎಂದು ಅವನು ನಗುನಗುತ್ತ ಕೇಳಿದ.

"ಯಾವ ಎಮ್ಮಿ?" ಅಂದಳು ಗುರುಸಿದ್ದವ್ವ.

"ನಿಮ್ಮ ಚಂದ್ರಿನ ಅಲ್ಲೇನ್ರಿ. ನೀಲಕ್ಕ ಫೋನ್ ಮಾಡಿದ್ಲು. ನಾ ಹೊರಡೂದ್ರೊಳಗ ಬಂದು ಹೊಡಕೊಂಡು ಹೋಗು, ನಿಮ್ಮ ಕೊಟಗ್ಯಾಗ ಇರ್ಲಿ ಅಂದ್ಲು. ಮುಂಜಾನೆ ಹೊರಟ್ಲೇನೋ ಅಂತ ಮಾಡಿದ್ದೆ, ಗಾಡಿ ಇನ್ನೂ ಇಲ್ಲೇ ಐತಿ. ಚಲೋ ಆತು."

ಗುರುಸಿದ್ದವ್ವ ತಿರುಗಿ ಗಂಡನ ಮುಖ ನೋಡಿದಳು. ಮೌನೇಶ ಬೇವಿನ ಮರದ ತುದಿ ನೋಡುತ್ತಿದ್ದ.

"ನಿಮಗ ಗೊತ್ತಿತ್ತು?"

"ವೈನಿ ಹೇಳಿದ್ರು... ನಿನಗ ಒದ್ದು ಗಿದ್ದು ಮಾಡಿದ್ರ ಯಾರ್ ನೋಡ್ಕೋಬೇಕು ಅಂತ..."

"ನನಗ್ಯಾಕ ಹೇಳ್ಲಿಲ್ಲ?"

"ಹೇಳಿದ್ರ ನೀ ಸಿಟ್ಟಿಗೇಳ್ತಿದ್ದಿ."

"ಈಗೇನ್ ನಗಾಕತ್ತೀನೇನು ನಾ?"

ಗುರುಸಿದ್ದವ್ವ ಸರಸರನೆ ಹಿತ್ತಲಿಗೆ ನಡೆದಳು. ಅವಳ ಮೈಯೆಲ್ಲ ಉರಿಯುತ್ತಿತ್ತು. ಎಮ್ಮೆ ಹೋದರೆ ಒಂದು ಲೆಕ್ಕಕ್ಕೆ ಅವಳ ಭಯವೂ ಹೋದಂತೆ. ಅವಳು ಹಗುರಾಗಬೇಕಿತ್ತು. ಆದರೆ ಆಗಲಿಲ್ಲ. ಮನೆ ಬಿಟ್ಟು ಹೋಗುವವಳು ಹೋಗುತ್ತಲೂ ತನ್ನನ್ನು ಮೊಣಕೈಯಿಂದ ಸರಿಸಿ ಹೋಗುತ್ತಿದ್ದಾಳೆ ಎಂಬುದೊಂದೇ ಅವಳ ತಲೆಯಲ್ಲಿ ಕುಟ್ಟುತ್ತಿತ್ತು.

ನೀಲಗಂಗವ್ವ ಬೆಲ್ಲದ ಡಬ್ಬಿಯ ಹತ್ತಿರ ಇರಲಿಲ್ಲ. ಕೊಟ್ಟಿಗೆಯಲ್ಲಿದ್ದಳು. ಮೇವಿನ ಗೋದಲಿಯ ಅಂಚಿಗೆ ಕೂತು ಚಂದ್ರಿಯ ಕೊರಳಿಗೆ ಹಣೆ ಆನಿಸಿದ್ದಳು. ಎಮ್ಮೆ ಕಣ್ಣು ಅರೆಮುಚ್ಚಿ ಮೆಲುಕು ಹಾಕುತ್ತಿತ್ತು.

"ಅಕ್ಕಾ!"

ನೀಲಗಂಗವ್ವ ಬೆಚ್ಚಿ ತಲೆಯೆತ್ತಿದಳು. ಮೂಗು ಕೆಂಪಾಗಿತ್ತು.

"ಯಾರನ್ನ ಕೇಳಿ ಎಮ್ಮಿ ಕಳಸಾಕತ್ತಿ?"

"ನಿನ್ನ ಸಲುವಾಗೇ ಗುರವ್ವಾ. ನಿನ್ನ ಕೈಲೆ..."

"ಆಗೂದಿಲ್ಲ. ಗೊತ್ತೈತಿ ನನಗ. ನೂರು ಸಲ ಕೇಳೀನಿ."

"ಬೈಬ್ಯಾಡ" ಅಂದಳು ನೀಲಗಂಗವ್ವ. ಅವಳ ದನಿಯಲ್ಲಿ ಯಾವತ್ತಿನ ಜೋರು ಇರಲಿಲ್ಲ. "ಇವತ್ತೊಂದಿನ ಬೈಬ್ಯಾಡ. ನನಗ ಹೋಗಾಕ ಆಗವಲ್ದು. ಗಾಡಿ ಹತ್ತಿ ಕುಂತ್ರ ಎದಿ ಡವಡವ ಅಂತೈತಿ. ಅಲ್ಲೆ ಎಲ್ಲಾ ಐತಂತ. ಮಿಕ್ಸರ್ ಐತಿ, ಗ್ಯಾಸ್ ಐತಿ, ಬಟ್ಟಿ ಒಗಿಯೂ ಮಷಿನ್ ಐತಿ. ಸುಶ್ಮಿತಾ ಏನಂದ್ಲು ಗೊತ್ತೇನು? ಅತ್ತಿಯವರ, ಇಲ್ಲಿ ಬಂದು ನೀವು ಸುಮ್ನ ಕುಂಡ್ರಿ ಅಂದ್ಲು. ಪ್ರೀತೀಲೆ ಅಂದ್ಲು, ಪಾಪ. ಆದ್ರ ಸುಮ್ನ ಕುಂಡ್ರಾಕ ನನಗ ಬರ್ತೈತೇನು?"

ಹೀಗೆ ಹೆದರಿದ ನೀಲಗಂಗವ್ವನನ್ನು ಗುರುಸಿದ್ದವ್ವ ನೋಡಿಯೇ ಇರಲಿಲ್ಲ. ಬೆಳಗಿನಿಂದ ಆ ಡಬ್ಬಿ, ಈ ಹಂಚು, ರಾಹುಕಾಲ ಎಲ್ಲ ಯಾಕೆಂದು ಈಗ ತಿಳಿಯಿತು. ಸಮಾಧಾನದ ಮಾತು ಹೇಳಬೇಕಿತ್ತು. ಬಾಯಿಂದ ಹೊರಬಿದ್ದದ್ದು ಬೇರೆ.

"ಬರೂದಿಲ್ಲಂದ್ರ ಕಲಿ. ನಾ ಇಪ್ಪತ್ತೈದು ವರ್ಷ ಕುಂತೀನಿ."

ನೀಲಗಂಗವ್ವ ಓರಗಿತ್ತಿಯನ್ನೇ ನೋಡಿದಳು. ಬೈಯುತ್ತಾಳೆಂದು ಗುರುಸಿದ್ದವ್ವ ಕಾದಳು. ಬೈಯಲಿಲ್ಲ. "ಹಂಗಂತೀಯೇನು?" ಎಂದಷ್ಟೇ ಮೆಲ್ಲಗೆ ಅಂದು, ಗೋದಲಿಯ ಅಂಚಿನ ಮೇಲಿನ ಹೊಟ್ಟನ್ನು ಬೆರಳಿಂದ ಒಂದು ಕಡೆ ಸರಿಸತೊಡಗಿದಳು.

ಹಿಂದಿನಿಂದ ಮೈಲಾರಲಿಂಗಪ್ಪ ಹಗ್ಗ ಹಿಡಿದು ಬಂದ. ಮೌನೇಶನೂ ಬಂದ. "ಹೊತ್ತಾತು, ಬಿಚ್ಚೂಣೇನ್ರಿ?" ಎಂದು ಮೈಲಾರಲಿಂಗಪ್ಪ ಎಂದಿನಂತೆ ನೀಲಗಂಗವ್ವನನ್ನು ಕೇಳಿದ.

"ಅಣ್ಣಾರ" ಅಂದಳು ಗುರುಸಿದ್ದವ್ವ. ಹಗ್ಗಕ್ಕೂ ಎಮ್ಮೆಗೂ ನಡುವೆ ಬಂದು ನಿಂತಳು. ಈ ಮನೆಯಲ್ಲಿ ಹೊರಗಿನವರಿಗೆ ಹೌದು, ಅಲ್ಲ ಎಂದು ಅವಳು ಹೇಳಿದ್ದೇ ಇಲ್ಲ. "ಅಣ್ಣಾರ, ಎಮ್ಮಿ ಎಲ್ಲೂ ಹೋಗೂದಿಲ್ಲ. ನಿಮಗ ಸುಮ್ನ ತ್ರಾಸ ಆತು. ಚಾ ಕುಡದು ಹೋಗ್ರಿ."

"ಹಾಲೆಲ್ಲೈತಿ ಚಾಕ್ಕ? ಮುಂಜಾನಿದು ಮುಗದೈತಿ" ಅಂದ ಮೌನೇಶ, ಸುಮ್ಮನಿರಬೇಕಾದ ಕಡೆ ಬಾಯಿ ಬಿಟ್ಟು.

"ಹಿಂಡಿ ಮಾಡ್ತೀನಿ. ಕುಂಡ್ರಿ ಎಲ್ಲಾರೂ."

ಅಂದದ್ದಾಯಿತು. ಇನ್ನು ಹಿಂದೆ ಸರಿಯುವಂತಿರಲಿಲ್ಲ. ಚರಿಗೆ ತೊಳೆದು ತಂದಳು. ಕರುವನ್ನು ಬಿಟ್ಟು, ನಾಲ್ಕು ಗುಟುಕು ಕುಡಿಸಿ, ಎಳೆದು ತಾಯಿಯ ಮುಂದೆ ಕಟ್ಟಿದಳು. ನೀಲಗಂಗವ್ವ ತಡೆಯಲಾರದೆ ಎದ್ದು ತನ್ನ ಹಳೆಯ ಸೀರೆಯೊಂದನ್ನು ಗೂಟದಿಂದ ತೆಗೆದು ಚಾಚಿದಳು. "ಇದನ್ನರ ಹೊದ್ಕೋ. ನನ್ನ ವಾಸನಿ ಇದ್ರ ಸುಮ್ನ ನಿಂದರ್ತೈತಿ."

"ನಿನ್ನ ಸೀರಿ ಹೊದ್ದು ಎಷ್ಟ ದಿನಾ ಹಿಂಡ್ಲಿ? ಬ್ಯಾಡ."

ಕುಕ್ಕರುಗಾಲಲ್ಲಿ ಕೂತಳು. ಎಮ್ಮೆಯ ಹೊಟ್ಟೆ ಅವಳ ಕಣ್ಣೆದುರು ಕಪ್ಪು ಗೋಡೆಯಂತೆ ಏರಿ ನಿಂತಿತ್ತು. ನೀರು ಚಿಮುಕಿಸಿ ಕೆಚ್ಚಲು ಒರೆಸಿದಳು. ಮೊದಲ ಎಳೆತಕ್ಕೆ ಏನೂ ಬರಲಿಲ್ಲ. ಎರಡನೆಯದಕ್ಕೆ ಒಂದು ಹನಿ.

"ಹೆಬ್ಬೆಟ್ಟು ಒಳಗ..." ಎಂದು ಹಿಂದಿನಿಂದ ಶುರುವಾಯಿತು. ಚಂದ್ರಿಯ ಕಿವಿ ಆ ದನಿಯ ಕಡೆ ತಿರುಗಿತು. ಮರುಗಳಿಗೆಯೇ ಹಿಂಗಾಲು ಎದ್ದು, ಚರಿಗೆ ಖಣಖಣ ಉರುಳಿ ಗೋಡೆಗೆ ಬಡಿಯಿತು. ಕಾಲಿನ ಗೊರಸು ಗುರುಸಿದ್ದವ್ವನ ಮೊಣಕಾಲಿನ ಕೆಳಗೆ ಸವರಿಕೊಂಡು ಹೋಯಿತು. ಅವಳು ಹಿಂದಕ್ಕೆ ಬಿದ್ದಳು.

"ನಾ ಹೇಳಿಲ್ಲೇನು! ಸರಿ, ಸರಿ ಅತ್ಲಾಗ!" ನೀಲಗಂಗವ್ವ ಸೆರಗು ಕಟ್ಟಿಕೊಂಡು ಬಂದೇಬಿಟ್ಟಳು.

"ಸರಿಯೂದಿಲ್ಲ."

"ಏನು?"

"ಸರಿಯೂದಿಲ್ಲ ಅಂದೆ." ಗುರುಸಿದ್ದವ್ವ ನೆಲಕ್ಕೆ ಕೈಯೂರಿ ಮತ್ತೆ ಕುಕ್ಕರುಗಾಲಿಗೆ ಬಂದಳು. ಕಾಲು ಚುರುಚುರು ಅನ್ನುತ್ತಿತ್ತು. ಕಣ್ಣಲ್ಲಿ ನೀರು ಬಂದಿದ್ದು ನೋವಿಗೋ ಸಿಟ್ಟಿಗೋ ಅವಳಿಗೇ ತಿಳಿಯಲಿಲ್ಲ. "ಅಕ್ಕಾ, ನೀ ಇಲ್ಲೆ ಇರೂತನಕ ಇದು ನನಗ ಹಾಲು ಬಿಡೂದಿಲ್ಲ. ನಿನ್ನ ದನಿ ಕೇಳಿದ್ರ ಸಾಕು, ಕಿವಿ ಅತ್ಲಾಗ ತಿರಗತಾವ. ನೀ ಬರ್ತಿ ಅಂತ ಕಾಯಾಕತ್ತೈತಿ ಅದು. ನಾ ಹ್ಯಾಂಗ ಹಿಂಡ್ಲಿ? ಹೋಗು. ಗಾಡಿ ಹತ್ತು, ಹೋಗು."

ಮನೆ ಬಿಟ್ಟು ಹೊರಟವರಿಗೆ ಬರಿದೇ ಹೋಗು ಅನ್ನುವುದುಂಟೇ? ಶತ್ರುವಿಗೂ ಹೋಗಿ ಬಾ ಅನ್ನಬೇಕು. ಮೌನೇಶ ಕೆಮ್ಮಿದ. ಮೈಲಾರಲಿಂಗಪ್ಪ ಹಗ್ಗ ಸುತ್ತತೊಡಗಿದ.

"ಹೋಗು ಅಂದ್ಯಾ?" ನೀಲಗಂಗವ್ವ ಕಟ್ಟಿದ ಸೆರಗು ಬಿಚ್ಚಿದಳು. "ಹೋಗಿ ಬಾ ಅನ್ಲಿಲ್ಲ ನೀ."

"ಮುಂಜಾನಿಂದ ಹೋಗಿ ಬಾ, ಹೋಗಿ ಬಾ ಅಂದೆ. ನೀ ಬಂದ ಬಂದಿ. ಅದಕ್ಕ ಈಗ ಹೋಗು ಅಂದೆ!"

ನೀಲಗಂಗವ್ವನ ಗಂಟಲಿನಿಂದ ಬಿಕ್ಕಳಿಕೆಯಂಥ ಒಂದು ಸದ್ದು ಹೊರಟಿತು. ಅಳುವೆಂದು ಎಲ್ಲರೂ ತಿಳಿದರು. ಅದು ನಗುವಾಗಿತ್ತು. ಬಾಯಿಗೆ ಸೆರಗು ಒತ್ತಿಕೊಂಡು, ಗೋದಲಿ ಹಿಡಿದುಕೊಂಡು ನಕ್ಕಳು. ಆಮೇಲೆ ಅತ್ತಳು. ಗುರುಸಿದ್ದವ್ವನೂ ಕೂತಲ್ಲೇ ಅತ್ತಳು. ಅತ್ತು ಮುಗಿಯುವ ಹೊತ್ತಿಗೆ ಮತ್ತೆ ಬೇಸರ ಬಂತು, ಯಾಕೆಂದರೆ ಹೊತ್ತು ಹೋಗುತ್ತಿತ್ತು.

"ಗುರವ್ವಾ, ಆ ಎಮ್ಮಿ ಬಿಡು ಒಂದು ಗಳಿಗಿ."

ಬಾಗಿಲಲ್ಲಿ ಅಮೃತವ್ವ ನಿಂತಿದ್ದಳು. ಒಂದು ಕೈ ಚೌಕಟ್ಟಿನ ಮೇಲೆ. ಇನ್ನೊಂದರಲ್ಲಿ ಮೊರ, ಮೊರದ ತುಂಬ ಅಕ್ಕಿ, ಅದರ ಮೇಲೆ ಕೊಬ್ಬರಿ ಬಟ್ಟಲು, ಬೆಲ್ಲದಚ್ಚು, ಎಲೆ ಅಡಿಕೆ, ಕುಪ್ಪಸದ ಹಸಿರು ಖಣ. ಬೆಳಗಿನಿಂದ ಹೊರಸು ಬಿಟ್ಟು ಏಳದವಳು ಇಷ್ಟನ್ನೆಲ್ಲ ಯಾವಾಗ ಕೂಡಿಸಿದಳೋ.

"ಉಡಿ ತುಂಬಲಾರದ ಕಳಸ್ತೀರೇನು ನನ್ನ ಸೊಸಿನ?"

ಗುರುಸಿದ್ದವ್ವನಿಗೆ ನಾಚಿಕೆಯಾಯಿತು. ಹೊರಡುವ ಹೆಣ್ಣಿನ ಸೆರಗಿಗೆ ಅಕ್ಕಿ, ಕೊಬ್ಬರಿ ಹಾಕಿ ಕಳಿಸುವುದು ಊರೆಲ್ಲ ಮಾಡುವ ಕೆಲಸ. ಬೇಸರದ ಭರದಲ್ಲಿ ಅದೇ ಮರೆತುಹೋಗಿತ್ತು. ದಡಬಡಿಸಿ ಎದ್ದು ಕೈ ತೊಳೆದು ಮೊರಕ್ಕೆ ಕೈ ಚಾಚಿದಳು. ಗಂಡ ತೀರಿಕೊಂಡ ಅಮೃತವ್ವ ಉಡಿ ತುಂಬುವಂತಿರಲಿಲ್ಲ. ತುಂಬಬೇಕಾದವಳು ತಾನೇ.

ಅಮೃತವ್ವ ಮೊರ ಬಿಡಲಿಲ್ಲ.

"ನಿಮ್ಮ ಮಾವ ಹೋದ ಮ್ಯಾಲ ಯಾರ ಉಡಿಗೂ ನಾ ಕೈ ಹಾಕಿಲ್ಲ. ಮಂದಿ ಸರಿ ಅಂದ್ರು, ಸರದೆ. ನನ್ನ ಮಗಳ ಉಡಿಯೂ ಬ್ಯಾರೆಯವ್ರು ತುಂಬಿದ್ರು, ಮೂಲ್ಯಾಗ ನಿಂತು ನೋಡಿದೆ. ಈಕೀದು ನಾನ ತುಂಬ್ತೀನಿ. ಮನಿಗೆ ಕರಕೊಂಡು ಬಂದಾಕಿ ನಾನು."

ಟೆಂಪೊದಿಂದ ಇಳಿದು ಬಂದಿದ್ದ ನಿಜಲಿಂಗಪ್ಪ ಬೆಳಗಿನಿಂದ ಮೊದಲ ಸಲ ಬಾಯಿ ಬಿಟ್ಟ. "ಎವ್ವಾ, ಮಂದಿ ಏನರ..."

"ಮಂದಿ ಬಂದು ನನಗ ಅನ್ನಾ ಹಾಕ್ಯಾರೇನೋ? ಈಕಿ ಹಾಕ್ಯಾಳ. ಸುಮ್ನ ನಿಂದ್ರು."

ಪಕ್ಕದ ಹಿತ್ತಲಿನ ಗೋಡೆಯ ಮೇಲೆ ಎರಡು ತಲೆಗಳು ಕಂಡವು. ಅಮೃತವ್ವ ಅವನ್ನು ನೋಡಿಯೂ ನೋಡದಂತಿದ್ದಳು. ನೀಲಗಂಗವ್ವ ಸೆರಗು ಒಡ್ಡಿದಳು. ಮುದುಕಿಯ ಕೈಗೆ ಭಾರ ತಾಳದೆ ಅರ್ಧ ಅಕ್ಕಿ ಕೊಟ್ಟಿಗೆಯ ನೆಲಕ್ಕೇ ಚೆಲ್ಲಿತು. ಗುರುಸಿದ್ದವ್ವ ಕೆಳಗಿನಿಂದ ಮೊರಕ್ಕೆ ಕೈ ಆಸರೆ ಕೊಟ್ಟಳು. ತುಂಬಿದವಳು ಮಾತ್ರ ಅತ್ತೆಯೇ.

"ಮುಂಜಾನಿಂದ ನನಗ ನಿದ್ದಿ ಇಲ್ಲ, ಏನಿಲ್ಲ" ಅಂದಳು ಅಮೃತವ್ವ, ಖಣ ಇಡುತ್ತ. "ಕಾಲಿಗೆ ಬಿದ್ದಿ ಅಂದ್ರ ನೀ ಹೋಗಿಬಿಡ್ತಿ ಅಂತ ಕಣ್ಣು ಮುಚ್ಚಿದ್ದೆ. ಈಗ ಬೀಳು. ಬೆಟಗೇರಿ ಏನ್ ಕಾಶಿ ಅಲ್ಲ. ಹೋಗಿ ಬಾ."

ನೀಲಗಂಗವ್ವ ಕಾಲಿಗೆ ಬಿದ್ದಳು. ಉಡಿಯನ್ನು ಎರಡೂ ಕೈಯಲ್ಲಿ ಹಿಡಿದು ಎದ್ದಳು. ಗುರುಸಿದ್ದವ್ವನ ಮುಂದೆ ಬಂದು ಅವಳ ಮೊಣಕಾಲಿನ ಕೆಳಗೆ ಕೆಂಪಾದಲ್ಲಿ ಬಗ್ಗಿ ನೋಡಿದಳು. "ಅರಿಷಿಣಾ ಹಚ್ಕೋ" ಅಂದಳು. ಚಂದ್ರಿಯ ಕಡೆ ತಿರುಗಲಿಲ್ಲ. ತಿರುಗಬಾರದೆಂದು ಕುತ್ತಿಗೆ ಬಿಗಿ ಹಿಡಿದು ನಡೆದದ್ದು ಹಿಂದಿನಿಂದ ನೋಡಿದರೂ ಕಾಣುತ್ತಿತ್ತು.

ಟೆಂಪೊ ಹೊರಟಿತು. ಈ ಸಲ ಯಾರೂ ಇಳಿಯಲಿಲ್ಲ. ಬೀದಿಯವರೆಗೆ ಹೋಗಿ ನಿಂತು ನೋಡಲು ಗುರುಸಿದ್ದವ್ವನಿಗೆ ಪುರುಸೊತ್ತಿರಲಿಲ್ಲ. ಲಕ್ಷ್ಮೇಶ್ವರದ ರಸ್ತೆಗೆ ತಿರುಗುವಲ್ಲಿ ಅದು ಗೇರು ಬದಲಿಸಿದ ಸದ್ದನ್ನು ಕೊಟ್ಟಿಗೆಯಲ್ಲೇ ನಿಂತು ಕೇಳಿದಳು. ಸದ್ದು ಕರಗಿತು. ಚಂದ್ರಿಯ ಕಿವಿ ಇನ್ನೂ ಅತ್ತಲೇ ಇತ್ತು.

"ಹೋದ್ಲು" ಅಂದಳು ಗುರುಸಿದ್ದವ್ವ ಎಮ್ಮೆಗೆ. "ಇನ್ನ ನಾನು, ನೀನು. ನಿನಗೂ ಬ್ಯಾಸರ ಆಗೈತಿ, ನನಗೂ ಬ್ಯಾಸರ ಆಗೈತಿ. ಒದಿಯೂದಿದ್ರ ಒದ್ದು ಮುಗಿಸು, ಜಲ್ದಿ. ಆ ಮನಷ್ಯಾ ಚಾಕ್ಕ ಕುಂತಾನ."

ಚರಿಗೆ ತೊಳೆದು ಮತ್ತೆ ಕೂತಳು. ಎಮ್ಮೆ ಒಮ್ಮೆ ಕಾಲು ಎತ್ತಿತು. ಗುರುಸಿದ್ದವ್ವ ಚರಿಗೆಯನ್ನು ಹಿಂದೆಳೆದುಕೊಂಡಳು, ಮೈ ಸರಿಸಲಿಲ್ಲ. ಇನ್ನೊಮ್ಮೆ ಎತ್ತಿ, ಏನೋ ಯೋಚಿಸಿದಂತೆ ಕೆಳಗಿಟ್ಟಿತು. ಹಿಂದೆ ನಿಂತು ಹೇಳುವವರು ಯಾರೂ ಇರಲಿಲ್ಲ. ಹೆಬ್ಬೆಟ್ಟು ಒಳಗೋ ಹೊರಗೋ ಎಂದು ಯೋಚಿಸುವುದನ್ನು ಬಿಟ್ಟು, ಕೈ ತಾನಾಗಿ ಹೇಗೆ ಹೋಯಿತೋ ಹಾಗೆ ಹಿಂಡಿದಳು. ಮೊದಲು ದಾರದಂಥ ಒಂದು ಸೆಳಕು ಚರಿಗೆಯ ತಳಕ್ಕೆ ಬಡಿದು ಸದ್ದು ಮಾಡಿತು. ಆಮೇಲೆ ಇನ್ನೊಂದು. ಬೆರಳು ನೋಯತೊಡಗಿದವು, ಮುಂಗೈ ಜೋಮು ಹಿಡಿಯಿತು. ಎದ್ದಾಗ ಚರಿಗೆಯಲ್ಲಿ ಅರ್ಧಕ್ಕೂ ಕಮ್ಮಿಯಿತ್ತು. ಅಕ್ಕನ ಕೈಯಲ್ಲಾದರೆ ತುಂಬಿ ನೊರೆ ಚೆಲ್ಲುತ್ತಿತ್ತು. ಇರಲಿ. ಉಳಿದದ್ದನ್ನು ಕರು ಕುಡಿಯಲಿ ಎಂದು ಬಿಟ್ಟಳು.

ಮೈಲಾರಲಿಂಗಪ್ಪ ಚಹಾ ಕುಡಿದು, "ಸಕ್ಕರಿ ಸ್ವಲ್ಪ ಕಮ್ಮಿ ಆತು ನೋಡ್ರಿ" ಅಂದು, ಖಾಲಿ ಗಾಡಿ ತೆಗೆದುಕೊಂಡು ಶಿರಹಟ್ಟಿಗೆ ಹೋದ. ಮೌನೇಶ, "ಹಿಂಡಿದ್ಯಲ್ಲ!" ಎಂದು ಬಾಯಿ ತೆರೆದು ನಿಂತ. ನೀವು ಮೊದಲು ಸಗಣಿ ಬಾಚಿರಿ ಎಂದು ಅವನ ಕೈಗೆ ಬುಟ್ಟಿ ಕೊಟ್ಟಳು.

ಮರುದಿನ ಬೆಳಿಗ್ಗೆ ಅಟ್ಟದಿಂದ ಇಳಿಸಿದ ಹಳೆಯ ಹಂಚನ್ನು ಒಲೆಗಿಟ್ಟು ರೊಟ್ಟಿ ಬಡಿಯುತ್ತ ಕೂತಾಗ ಫೋನು ಬಂತು. ಗುರುಸಿದ್ದವ್ವ ಹಿಟ್ಟಿನ ಕೈಯಲ್ಲೇ ಅದನ್ನು ಎತ್ತಿ ಭುಜಕ್ಕೂ ಕಿವಿಗೂ ನಡುವೆ ಸಿಕ್ಕಿಸಿಕೊಂಡಳು.

"ಒದೀತೇನು?" ನೀಲಗಂಗವ್ವ ಹೇಗಿದ್ದೀ ಎಂದೂ ಕೇಳಲಿಲ್ಲ.

"ಒದೀತು."

"ಹಿಂಡಿದ್ಯೇನು?"

"ಹಿಂಡಿದೆ. ನಿನ್ನೆ ಸಂಜಿಗಿಂತ ಸ್ವಲ್ಪ ಹೆಚ್ಚ ಬಂತು."

"ನಾ ಮುಂಜಾನೆ ಒಬ್ಬಾಕಿನ ಹೊರಗ ಹೋಗಿದ್ದೆ" ಅಂದಳು ನೀಲಗಂಗವ್ವ. "ಸುಶ್ಮಿತಾ ಸುಮ್ನ ಕುಂಡ್ರಿ ಅಂದ್ಲು, ಕುಂತೆ. ಎಷ್ಟೊತ್ತು ಕುಂಡ್ರೂದು? ಕರಿಬೇವು ತರ್ತೀನಿ ಅಂತ ಎದ್ದು ಹೋದೆ. ಬರೂ ಮುಂದ ಓಣಿ ತಪ್ಪೀತು ಗುರವ್ವಾ. ಎಲ್ಲಾ ಮನಿಯಾಗೂ ಮಗ್ಗದ ಸಪ್ಪಳ, ಎಲ್ಲಾ ಬಾಗಲಾ ಒಂದ ನಮೂನಿ. ಕಡೀಕ ನೂಲು ಸುತ್ತಾಕತ್ತಿದ್ದ ಒಬ್ಬಾಕಿನ ಕೇಳಿದೆ. ಆಕಿ ಎದ್ದು ಬಂದು ಮನಿ ಮುಟ್ಟಿಸಿದ್ಲು. ರೋಜಾ ಅಂತ ಹೆಸರು. ನಾಳೆ ಬರ್ರಿ ಅಂದಾಳ."

"ಹೆದರಿಕಿ ಆತೇನು?"

"ಆತು ಮತ್ತ."

"ನನಗೂ ಆತು" ಅಂದಳು ಗುರುಸಿದ್ದವ್ವ.

ಪಡಸಾಲೆಯಿಂದ ಅಮೃತವ್ವ, ರೊಟ್ಟಿ ಆಯಿತೇನೆಂದು ಕೂಗಿದಳು. ಅದು ಕೇಳಿಸಿತೇನೋ, ನೀಲಗಂಗವ್ವ ಚುರುಕಾದಳು. "ಅತ್ತಿಗೆ ತೆಳ್ಳಗ ಬಡಿ. ದಪ್ಪ ಆದ್ರ ಹಲ್ಲಿಗೆ ಹತ್ತೂದಿಲ್ಲ. ಮತ್ತ ಚಂದ್ರಿಗೆ ಶೇಂಗಾ ಹಿಂಡಿ ಭಾಳ ಹೊತ್ತು ನೆನಿ ಇಡು. ಮತ್ತ ಕೇಳಿಲ್ಲೆ..."

"ಹೂಂ" ಅಂದಳು ಗುರುಸಿದ್ದವ್ವ, ಮತ್ತೆ ಸಿಟ್ಟು ಬರತೊಡಗಿತ್ತು. ಮಾತು ಮುಗಿಯುವ ಲಕ್ಷಣ ಕಾಣಲಿಲ್ಲ. ಫೋನು ಇಡಲಿಲ್ಲ. ಭುಜ ಇನ್ನಷ್ಟು ಎತ್ತಿ ಅದನ್ನು ಬಿಗಿಯಾಗಿ ಹಿಡಿದುಕೊಂಡು, ತನಗೆ ಬೇಕಾದಷ್ಟು ದಪ್ಪಕ್ಕೆ ರೊಟ್ಟಿ ಬಡಿದಳು.